ಫ್ಲೂ ಬಂದೋರನ್ನ ಮನ್ಯಾಗ ನೋಡ್ಕೊಳ್ಳೋದು ಹೆಂಗ: ಎರಡನೇ ಜ್ವರದ ಮ್ಯಾಲ ಕಣ್ಣಿಡ್ರಿ

ಹೋದ ವರ್ಷ ಆಗಸ್ಟ್‌ನ್ಯಾಗ ನನ್ನ ತಮ್ಮಗ ಫ್ಲೂ ಬಂದಿತ್ತು, ನಾಕನೇ ದಿನಕ್ಕ ಜ್ವರ ಇಳೀತು, ಐದನೇ ದಿನ ಜಳಕಾ ಮಾಡಿ ಹುಬ್ಬಳ್ಳಿ ದುರ್ಗದಬೈಲ್‌ನ್ಯಾಗಿನ ಅಂಗಡಿ ಬಾಗಿಲಾ ತೆಗದಾ, ಏಳನೇ ದಿನ ರಾತ್ರಿ ಮತ್ತ ಗಡಗಡ ನಡುಕ, ಎದಿಯೊಳಗ ಚುಚ್ಚಿದಂಗ ನೋವು, ಕಫ ನೋಡಿದ್ರ ತುಕ್ಕಿನ ಬಣ್ಣ. ನ್ಯುಮೋನಿಯಾ. ಐದು ದಿನ ದವಾಖಾನ್ಯಾಗ ಇದ್ದು ಆರಾಮಾಗಿ ಬಂದಾ. ಮೊದಲನೇ ಜ್ವರಕ್ಕ ಮನಿಮಂದಿಯೆಲ್ಲಾ ಅಂಜಿದ್ವಿ, ಅಂಜಬೇಕಾಗಿದ್ದು ಎರಡನೇದಕ್ಕ.

1918ರಾಗೂ ಇದೇ ಆಗಿತ್ರಿ. ಆ ವರ್ಷ ಜೂನ್‌ನ್ಯಾಗ ಮುಂಬಯಿಗೆ ಬಂದ ಫ್ಲೂ ಜಡ್ಡು ಮೊದಲ ಸಲ ಅಷ್ಟೇನ್ ಜೋರಿರಲಿಲ್ಲ, ಸೆಪ್ಟೆಂಬರ್‌ನ್ಯಾಗ ತಿರುಗಿ ಬಂದಾಗ ಊರಿಗೂರ ಮಲಗಿಸ್ತು. ಆವಾಗ ಧಾರವಾಡ ಜಿಲ್ಲಾ ಮುಂಬಯಿ ಪ್ರಾಂತ್ಯದಾಗ ಇತ್ತು, ಗದಗ ಹಾವೇರಿ ಎಲ್ಲಾ ಅದರೊಳಗೇ. ದೇಶದಾಗ ಕೋಟಿಗಿಂತ ಹೆಚ್ಚು ಮಂದಿ ಸತ್ರು, 1911ಕ್ಕಿಂತ 1921ರ ಜನಗಣತ್ಯಾಗ ಮಂದಿ ಕಮ್ಮಿ ಬಂತು. ಸತ್ತೋರಾಗ 20ರಿಂದ 40 ವಯಸ್ಸಿನ ಗಟ್ಟಿ ಆಳುಗಳೇ ಭಾಳ. ಆಗ ತೆಗೆದಿಟ್ಟ ಪುಪ್ಪಸದ ತುಣುಕುಗಳನ್ನ ಎಷ್ಟೋ ವರ್ಷದ ಮ್ಯಾಲ ಮತ್ತ ಪರೀಕ್ಷೆ ಮಾಡಿದ್ರ, ಹೆಚ್ಚಿನೋರು ವೈರಸ್ ಒಂದರಿಂದನೇ ಅಲ್ಲ, ಅದರ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ಹೋಗಿದ್ದು ಅಂತ ಕಂಡ್ತು. ವೈರಸ್ ಉಸಿರು ನಳಿಗಿಯ ಒಳಮೈಯನ್ನ ಕಿತ್ತು ಹಾಕ್ತೈತಿ, ಗಂಟಲದಾಗ ಸುಮ್ಮನ ಕುಂತಿದ್ದ ಬ್ಯಾಕ್ಟೀರಿಯಾಕ್ಕ ಹಿತ್ತಲ ಬಾಗಿಲಾ ತೆಗದಂಗ ಆಗ್ತೈತಿ. ಪೆನಿಸಿಲಿನ್ ಗೊತ್ತಾಗಿದ್ದೇ 1928ಕ್ಕ, ಮನುಷ್ಯಾರ ಫ್ಲೂ ವೈರಸ್ ಕೈಗೆ ಸಿಕ್ಕಿದ್ದು 1933ಕ್ಕ, ಆವಾಗಿನ ಡಾಕ್ಟರ್ರು ಪಾಪ ಏನ್ ಮಾಡ್ಯಾರು.

ಈಗ ಮನ್ಯಾಗ ಮಾಡೋದು ಹೇಳ್ತೇನಿ. ಜಡ್ಡಿನೋರನ್ನ ಕಿಟಕಿ ಇರೋ ಖೋಲ್ಯಾಗ ಬ್ಯಾರೆ ಮಲಗಿಸ್ರಿ, ಲಕ್ಷಣ ಕಾಣೋ ಒಂದು ದಿನ ಮೊದಲಿಂದನೇ ಹರಡ್ತೈತಿ, ಮುಂದ ಐದರಿಂದ ಏಳು ದಿನ ಹರಡ್ತನೇ ಇರ್ತೈತಿ. ಒಳಗ ಹೋಗೋರು ಮಾಸ್ಕ್ ಹಾಕ್ರಿ. ಜೋಳದ ಅಂಬಲಿ, ನೀರು ಮಜ್ಜಿಗಿ, ಗಂಜಿ ಏನ್ ಇಳೀತೈತೋ ಅದು ಕೊಡ್ರಿ. ಮೂತ್ರ ಗಾಢ ಹಳದಿ ಆದ್ರ ಕುಡದಿದ್ದು ಸಾಲದು ಅಂತ.

ಗುಳಗಿ ವಿಷಯ: ದೊಡ್ಡೋರಿಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ನಡುವ ಆರು ತಾಸು ಗ್ಯಾಪ್, 24 ತಾಸಿನ್ಯಾಗ ಒಟ್ಟು 4 ಗ್ರಾಂ ದಾಟಬಾರದು, ಲಿವರ್ ತ್ರಾಸಿದ್ದೋರು ಡಾಕ್ಟರ್‌ನ್ನ ಕೇಳ್ರಿ. ನೆಗಡಿ ಗುಳಗ್ಯಾಗೂ ಇದೇ ಇರ್ತೈತಿ, ಪಾಕೀಟಿನ ಹಿಂದ ಓದ್ರಿ, ಇಲ್ಲಾಂದ್ರ ಗೊತ್ತಿಲ್ಲದಂಗ ಡಬಲ್ ಆಗ್ತೈತಿ. ಮಕ್ಕಳಿಗೆ ಆಸ್ಪಿರಿನ್ ಬ್ಯಾಡೇ ಬ್ಯಾಡ. ಮತ್ತ "ಡಾಕ್ಟ್ರ, ಒಂದ್ ಸೂಜಿ ಮಾಡಿ ಕಳಸ್ರಿ" ಅನ್ನೋ ಚಟ ಬಿಡ್ರಿ, ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡೂದಿಲ್ಲ. ಬಸುರಿ ಹೆಣ್ಮಕ್ಕಳು, ವಯಸ್ಸಾದೋರು, ಸಣ್ಣ ಕೂಸು, ಶುಗರ್, ಅಸ್ತಮಾ ಇದ್ದೋರು ಮಾತ್ರ ಮೊದಲ ದಿನಾನೇ ಡಾಕ್ಟರ್ ಹತ್ರ ಹೋಗ್ರಿ, ಒಸೆಲ್ಟಾಮಿವಿರ್ ಅನ್ನೋ ಔಷಧಿ 48 ತಾಸಿನೊಳಗ ಶುರು ಮಾಡಿದ್ರ ಹೆಚ್ಚು ಉಪಯೋಗ.

ಉಸಿರು ಎಣಸೋದು ಕಲೀರಿ, ಇದಕ್ಕ ರೊಕ್ಕ ಬೇಕಾಗಿಲ್ಲ. ಮಲಗಿದಾಗ ಚಾದರಾ ಸರಿಸಿ, ಮೊಬೈಲ್‌ನ್ಯಾಗ ಟೈಮರ್ ಹಚ್ಚಿ, ಎದಿ ಏರಿ ಇಳದ್ರ ಒಂದು ಅಂತ ಪೂರಾ ಒಂದು ನಿಮಿಷ ಎಣಸ್ರಿ. ಅರ್ಧ ನಿಮಿಷ ಎಣಸಿ ಎರಡರಿಂದ ಗುಣಿಸಬ್ಯಾಡ್ರಿ, ನಾನು ಹಂಗ ಮಾಡಿ ಮೋಸ ಹೋಗೇನಿ. ದೊಡ್ಡೋರಿಗೆ 30, ಒಂದರಿಂದ ಐದು ವರ್ಷದ ಮಕ್ಕಳಿಗೆ 40 ಮುಟ್ಟಿದ್ರ ಗಾಡಿ ತೆಗೀರಿ. ಕೊರೊನಾ ಟೈಮ್‌ನ್ಯಾಗ ತಂದ ಆಕ್ಸಿಮೀಟರ್ ಕಪಾಟಿನ್ಯಾಗ ಇದ್ರ ಹೊಸಾ ಸೆಲ್ ಹಾಕ್ರಿ, ನೇಲ್ ಪಾಲಿಶ್ ಒರಸಿ, ಕೈ ಬೆಚ್ಚಗ ಮಾಡಿ ಬೆರಳು ಇಡ್ರಿ, ಆಕ್ಸಿಜನ್ 94ಕ್ಕಿಂತ ಕೆಳಗ ಬಂದ್ರ ಕಾಯಬ್ಯಾಡ್ರಿ. ತುಟಿ ನೀಲಿ ಆದ್ರ, ಮಾತು ತಪ್ಪಿದ್ರ, ಕೂಸು ಹಾಲು ಬಿಟ್ರ ನಂಬರ್ ನೋಡ್ಕೋತ ಕುಂದರಬ್ಯಾಡ್ರಿ.

ಜ್ವರ ಇಳಿದದ್ದು ಯಾವಾಗ ಅನ್ನೋದು ಗುಳಗಿ ಇಲ್ಲದ 24 ತಾಸು ಕಳದ ಮ್ಯಾಲ ಹೇಳ್ರಿ. ಆಮ್ಯಾಲೂ ಮೂರ್ನಾಕು ದಿನ ಥರ್ಮಾಮೀಟರ್ ಎತ್ತಿಡಬ್ಯಾಡ್ರಿ, ಗ್ವಾಡಿ ಕ್ಯಾಲೆಂಡರ್ ಮ್ಯಾಲೇ ಮುಂಜಾನಿ ಸಂಜಿ ಬರೀರಿ. ಆರಾಮಾಗಿ ಮತ್ತ ಜ್ವರ ಏರಿತು, ಕೆಮ್ಮು ಜಾಸ್ತಿ ಆತು ಅಂದ್ರ ಅದೇ ದಿನ ಡಾಕ್ಟರ್‌ಗೆ ತೋರಸ್ರಿ. ಆವಾಗ ಅವರು ಆಂಟಿಬಯೋಟಿಕ್ ಕೊಟ್ರ ಕೋರ್ಸ್ ಪೂರಾ ನುಂಗ್ರಿ.

ಲಸಿಕಿ ವರ್ಷಾ ಯಾಕ ಅಂತ ಕೇಳ್ತಾರ. ಈ ವೈರಸ್ಸಿನ ಜೀನ್ ಎಂಟು ತುಂಡಿನ್ಯಾಗ ಇರ್ತಾವ, ಒಂದೇ ಜೀವದೊಳಗ ಎರಡು ಜಾತಿ ಫ್ಲೂ ಕೂಡಿದ್ರ ತುಂಡು ಅದಲು ಬದಲು ಆಗಿ ಹೊಸಾದು ಹುಟ್ಟತೈತಿ, 1957 ಮತ್ತ 1968ರಾಗ ಹಕ್ಕಿ ಫ್ಲೂನ ತುಂಡು ಸೇರಿ ಹಂಗಾತು, 2009ರದ್ದು ಹಂದಿಯಿಂದ ಬಂತು. ಸಣ್ಣ ಬದಲಾವಣೆ ಅಂತೂ ವರ್ಷಾ ಇದ್ದದ್ದ. ನಮ್ಮ ಕಡೆ ಮಳಿಗಾಲದಾಗ ಫ್ಲೂ ಏರ್ತೈತಿ, ಲಸಿಕಿ ಹತ್ತಾಕ ಎರಡು ವಾರ ಬೇಕು, ಅದಕ್ಕ ಮಿರಗದ ಮಳಿ ಬೀಳೋದ್ರೊಳಗ ಹಾಕಿಸ್ಕೊಂಡ್ರ ಛಲೋ. ತಮ್ಮ ಈ ಸಲ ಮೇದಾಗೇ ಹಾಕಿಸ್ಕೊಂಡಾನ, ಅವ್ವಂದು ಇನ್ನೂ ಬಾಕಿ ಐತಿ, ಸೂಜಿ ಅಂದ್ರ ಸಾಕು ಆಕಿಗೆ ಹಿತ್ತಲದಾಗ ಕೆಲಸ ನೆನಪಾಗ್ತೈತಿ.