ಸೀಡರ್ ಮರದ ನಾಡಿಗೆ ಬಂದವರಿಗೆ: ಮೊದಲು 'ಇದು ಯಾರದು?' ಅಂತ ಕೇಳಿ

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್, ಸರ್ರೆ, ಬರ್ನಬಿ ಕಡೆ ಹೊಸದಾಗಿ ಬಂದು ನೆಲೆಸುವ ನಮ್ಮವರಿಗೆ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಅದಲ್ಲ. ಈ ಕರಾವಳಿಯ ಮೂಲನಿವಾಸಿಗಳು ಸೀಡರ್ ಮರದಿಂದ ಹೆಣೆಯುವ, ಕೆತ್ತುವ ವಿದ್ಯೆಯ ಬಗ್ಗೆ. ಇಲ್ಲಿ ಹತ್ತಾರು ವರ್ಷ ಇದ್ದೂ ಅದನ್ನು ಫೋಟೋ ತೆಗೆಯುವ ಅಲಂಕಾರ ಅಂತಲೇ ನೋಡುವವರಿದ್ದಾರೆ. ಹಾಗಾಗಬಾರದು ಅನ್ನುವುದು ನನ್ನ ಆಸೆ.

ನಿಜ ಹೇಳಬೇಕೆಂದರೆ ನೀವು ಅದನ್ನು ಆಗಲೇ ನೋಡಿದ್ದೀರಿ. ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಹೊರದೇಶದಿಂದ ಬಂದವರು ಇಮಿಗ್ರೇಷನ್ ಕಡೆ ಇಳಿಯುವ ಜಾಗದಲ್ಲಿ ಕೆಂಪು ಸೀಡರಿನ ದೊಡ್ಡದೊಂದು ವೃತ್ತವಿದೆ, ಅಗಲ ಸುಮಾರು 5 ಮೀಟರ್. ಉಣ್ಣೆ ನೂಲುವ ಕದಿರಿಗೆ ಹಾಕುವ ಬಿಲ್ಲೆಯನ್ನೇ ಅಷ್ಟು ದೊಡ್ಡದಾಗಿ ಕೆತ್ತಿದ್ದು. ಕೆತ್ತಿದವರು ಮಸ್ಕ್ವೀಮ್ ಜನಾಂಗದ ಸೂಸನ್ ಪಾಯಿಂಟ್. ಕೆಳಗೆ ನಿಂತಿರುವ ಎತ್ತರದ ಸ್ವಾಗತ ಪ್ರತಿಮೆಗಳೂ ಅವರವೇ. ವಿಮಾನ ನಿಲ್ದಾಣ ಇರುವುದು ಮಸ್ಕ್ವೀಮರ ನೆಲದಲ್ಲಿ, ಆದ್ದರಿಂದ ಬಂದವರನ್ನು ಬರಮಾಡಿಕೊಳ್ಳುವವರೂ ಅವರೇ. ಬ್ಯಾಗು, ಪಾಸ್‌ಪೋರ್ಟು, ಅಳುವ ಮಗು ಇವುಗಳ ನಡುವೆ ಅದು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಊರಿಂದ ವಾಪಸ್ ಬರುವಾಗ ಎರಡು ನಿಮಿಷ ನಿಂತು ನೋಡಿ.

ಮೊದಲು ಮರದ ಬಗ್ಗೆ. ಇದು ಹಿಮಾಲಯದ ದೇವದಾರು ಅಲ್ಲ, ಬೇರೆಯೇ ಕುಟುಂಬಕ್ಕೆ ಸೇರಿದ್ದು. ಮಳೆ ಹೆಚ್ಚಿರುವ ಈ ಕರಾವಳಿಯಲ್ಲಿ ಸಾವಿರ ವರ್ಷ ಬಾಳುವ ಮರಗಳಿವೆ. 1988ರಿಂದ ಕೆಂಪು ಸೀಡರ್ ನಮ್ಮ ಈ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಅಧಿಕೃತ ಮರ. ಹಗುರ, ನೇರವಾಗಿ ಸೀಳುತ್ತದೆ, ಮರದೊಳಗಿನ ರಾಸಾಯನಿಕಗಳಿಂದಾಗಿ ಬೇಗ ಕೊಳೆಯುವುದಿಲ್ಲ. ಮನೆಯ ಹಲಗೆ, ದೋಣಿ, ಪೆಟ್ಟಿಗೆ, ಹಗ್ಗ, ಚಾಪೆ, ಟೋಪಿ, ಮಗುವಿನ ತೊಟ್ಟಿಲಿಗೆ ಹಾಸುವ ಮೆತ್ತನೆಯ ನಾರು, ಎಲ್ಲಕ್ಕೂ ಇದೇ ಮರ. ಇದಕ್ಕೆ ಫ್ರೇಸರ್ ನದಿ ಕಣಿವೆಯ ಸ್ಟೋಲೋ ಎಂಬ ಮೂಲನಿವಾಸಿ ಜನರಲ್ಲಿ ಒಂದು ಕಥೆಯಿದೆ: ಯಾರು ಕೇಳಿದರೂ ಇಲ್ಲ ಅನ್ನದೆ ಕೊಡುತ್ತಿದ್ದ ಒಬ್ಬ ಒಳ್ಳೆಯ ಮನುಷ್ಯನನ್ನು ಹೂಳಿದ ಜಾಗದಲ್ಲಿ ಸೀಡರ್ ಹುಟ್ಟಿತು, ಅವನಂತೆಯೇ ಕೊಡುತ್ತಾ ನಿಂತಿತು ಅಂತ.

ಹೆಣಿಗೆಗೆ ಬೇಕಾದದ್ದು ಒಳತೊಗಟೆ. ವಸಂತ ಮುಗಿದು ಬೇಸಿಗೆ ಕಾಲಿಡುವಾಗ ಮರದಲ್ಲಿ ರಸ ಏರುತ್ತದೆ, ತೊಗಟೆ ಸುಲಭವಾಗಿ ಬಿಡುತ್ತದೆ. ಮರಕ್ಕೆ ಪ್ರಾರ್ಥನೆ ಸಲ್ಲಿಸಿ, ಬುಡದ ಹತ್ತಿರ ಅಡ್ಡಕ್ಕೆ ಒಂದು ಕಚ್ಚು ಹಾಕಿ, ಪಟ್ಟಿಯನ್ನು ಹಿಡಿದು ಹಿಂದಕ್ಕೆ ನಡೆಯುತ್ತಾ ಎಳೆಯುತ್ತಾರೆ. ಅದು ಮೇಲಕ್ಕೆ ಕಿತ್ತುಕೊಂಡು ಹೋಗುತ್ತಾ ಸಪೂರವಾಗಿ, ಕೊನೆಗೆ ತಾನೇ ಕಳಚಿ ಬೀಳುತ್ತದೆ. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಅದಕ್ಕೇ ಒಂದು ಬದಿಯಿಂದ ಸ್ವಲ್ಪ ಮಾತ್ರ ತೆಗೆಯುವುದು. ಮರ ಆ ಗಾಯವನ್ನು ಅಂಚಿನಿಂದ ಮುಚ್ಚಿಕೊಳ್ಳುತ್ತಾ ಬದುಕುತ್ತದೆ. ಹಳೆಯ ಕಾಡುಗಳಲ್ಲಿ ನಡೆಯುವಾಗ ಬುಡದಿಂದ ಮೇಲಕ್ಕೆ ಉದ್ದವಾದ ಬೋಳು ಪಟ್ಟಿ ಇರುವ ಸೀಡರ್ ಕಂಡರೆ, ಯಾರದೋ ಮುತ್ತಜ್ಜಿ ಅಲ್ಲಿ ಕೆಲಸ ಮಾಡಿರಬಹುದು ಅಂತ ತಿಳಿಯಿರಿ. 1846ಕ್ಕಿಂತ ಹಿಂದಿನ ಇಂಥ ಗುರುತುಳ್ಳ ಮರಗಳಿಗೆ ಇಲ್ಲಿನ ಪರಂಪರೆ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಹೊರತೊಗಟೆಯನ್ನು ಕಾಡಿನಲ್ಲೇ ಬಿಡಿಸಿ, ಒಳತೊಗಟೆಯನ್ನು ಮಡಿಸಿ, ಒಣಗಿಸಿ ಇಡುತ್ತಾರೆ, ಎಷ್ಟೋ ಸಲ ಮುಂದಿನ ವರ್ಷದವರೆಗೆ. ಹೆಣೆಯುವ ಮುಂಚೆ ನೀರಲ್ಲಿ ನೆನೆಸಿ, ಪದರ ಬಿಡಿಸಿ, ಒಂದೇ ಅಗಲದ ಪಟ್ಟಿಗಳಾಗಿ ಸೀಳುತ್ತಾರೆ. ಊರಲ್ಲಿ ಮೇದಾರರು ಬಿದಿರು ಸೀಳುವುದನ್ನು ಹತ್ತಿರ ಕೂತು ನೋಡಿದವರಿಗೆ, ಅರ್ಧ ವಿದ್ಯೆ ಈ ಸೀಳುವುದರಲ್ಲೇ ಇದೆ ಅಂತ ತಕ್ಷಣ ಗೊತ್ತಾಗುತ್ತದೆ.

ಕೆತ್ತನೆಯಲ್ಲಿ ನನ್ನ ಮನಸ್ಸು ಗೆದ್ದಿದ್ದು ಕಂಬಗಳಿಗಿಂತ ಪೆಟ್ಟಿಗೆಗಳು. ಒಂದೇ ಒಂದು ಹಲಗೆ. ಮೂರು ಮೂಲೆ ಎಲ್ಲೆಲ್ಲಿ ಬರಬೇಕೋ ಅಲ್ಲಿ ಅಡ್ಡಕ್ಕೆ ಸಣ್ಣ ತೋಡು ಕೊರೆದು, ಹಬೆಯಲ್ಲಿ ಮೆತ್ತಗಾಗಿಸಿ, ಬಗ್ಗಿಸಿ ಚೌಕ ಮಾಡುತ್ತಾರೆ. ನಾಲ್ಕನೆಯ ಮೂಲೆಯನ್ನು ಮಾತ್ರ ಮರದ ಗೂಟ ಬಡಿದೋ, ಹೊಲಿದೋ ಸೇರಿಸಿ, ತಳವನ್ನು ಬಿಗಿಯಾಗಿ ಕೂರಿಸುತ್ತಾರೆ. ಒಂದು ಮೊಳೆಯಿಲ್ಲ. ಆದರೂ ನೀರು ನಿಲ್ಲುತ್ತದೆ. ಅದರೊಳಗೆ ನೀರು ತುಂಬಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಹಾಕಿ ಮೀನು ಬೇಯಿಸುತ್ತಿದ್ದರು. ದೋಣಿಗೂ ಇದೇ ಹಬೆಯ ಉಪಾಯ: ಬಾಚಿಯಿಂದ ಕೊರೆದು ಟೊಳ್ಳು ಮಾಡಿದ ದಿಮ್ಮಿಯಲ್ಲಿ ನೀರು ತುಂಬಿ, ಕಾದ ಕಲ್ಲು ಹಾಕಿ, ಮರ ಮೆತ್ತಗಾದಾಗ ಅಡ್ಡಪಟ್ಟಿ ಕೊಟ್ಟು ಪಕ್ಕಗಳನ್ನು ಅಗಲಿಸುವುದು.

ಇನ್ನು ಟೋಟೆಮ್ ಕಂಬ, ಅಂದರೆ ಪ್ರಾಣಿ, ಮನುಷ್ಯರ ಆಕೃತಿಗಳನ್ನು ಒಂದರ ಮೇಲೊಂದು ಕೆತ್ತಿದ ಎತ್ತರದ ಮರದ ಕಂಬ. ನೆಂಟರು ಬಂದರೆ ನಾವೆಲ್ಲ ಕರೆದುಕೊಂಡು ಹೋಗುವುದು ಸ್ಟ್ಯಾನ್ಲಿ ಪಾರ್ಕಿನ ಬ್ರಾಕ್ಟನ್ ಪಾಯಿಂಟಿಗೆ. ಅಲ್ಲಿ ನಿಂತು 'ಇದು ಯಾವ ದೇವರು?' ಅಂತ ನಮ್ಮವರು ಕೇಳುವುದು ಸಹಜ. ಅವು ದೇವರ ವಿಗ್ರಹಗಳಲ್ಲ, ಯಾರೂ ಪೂಜಿಸುವುದಿಲ್ಲ. ಒಂದು ಮನೆತನದ ಲಾಂಛನ, ವಂಶದ ಕಥೆ, ಗತಿಸಿದ ನಾಯಕನ ನೆನಪು, ಹಕ್ಕುಗಳ ಘೋಷಣೆ, ಇವು ಅಲ್ಲಿರುತ್ತವೆ. ಮೇಲಿರುವವನು ದೊಡ್ಡವನು, ಕೆಳಗಿರುವವನು ಸಣ್ಣವನು ಅನ್ನುವ ಲೆಕ್ಕವೂ ಇಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಇದರ ಅರ್ಥ ಏನು?' ಅಲ್ಲ, 'ಇದು ಯಾರದು?'. ರಾವೆನ್ ಎಂಬ ದೊಡ್ಡ ಕಾಗೆ, ಹದ್ದು, ಕರಡಿ, ಓರ್ಕಾ ತಿಮಿಂಗಿಲ ಇವುಗಳನ್ನು ಲಾಂಛನವಾಗಿ ತೋರಿಸುವ ಹಕ್ಕು ಆಯಾ ಕುಲಕ್ಕೆ, ಮನೆತನಕ್ಕೆ ಸೇರಿದ್ದು. ಕಥೆ ಹೇಳುವ ಹಕ್ಕೂ ಹಾಗೆಯೇ. ಚೆನ್ನಾಗಿದೆ ಅಂತ ಆ ವಿನ್ಯಾಸವನ್ನು ಇಳಿಸಿಕೊಂಡು ರಂಗೋಲಿಗೋ, ಸಂಘದ ಟಿ-ಶರ್ಟಿಗೋ ಹಾಕುವಂತಿಲ್ಲ.

ಅದೇ ಪ್ರಶ್ನೆಯನ್ನು ಸ್ಟ್ಯಾನ್ಲಿ ಪಾರ್ಕಿನಲ್ಲೇ ಕೇಳಿ ನೋಡಿ. ಆ ನೆಲ ಮಸ್ಕ್ವೀಮ್, ಸ್ಕ್ವಾಮಿಷ್, ಸ್ಲೇವಾತೂತ್ ಜನರದ್ದು. ಕೋಸ್ಟ್ ಸೇಲಿಷ್ ಎಂಬ ದೊಡ್ಡ ಗುಂಪಿಗೆ ಸೇರಿದ ಈ ಮೂರೂ ಜನ ಹಿಂದಿನಿಂದ ಕೆತ್ತುತ್ತಿದ್ದದ್ದು ಮನೆಯೊಳಗಿನ ಕಂಬಗಳು, ಸ್ವಾಗತ ಪ್ರತಿಮೆಗಳು. ಅಲ್ಲಿ ನಿಂತಿರುವ ಎತ್ತರದ ಕಂಬಗಳಲ್ಲಿ ಹೆಚ್ಚಿನವು ಉತ್ತರದ ಹೈಡಾ, ನಿಸ್ಗಾ, ಕ್ವಾಕ್ವಾಕಾವಾಕ್ವ್ ಜನರ ಶೈಲಿಯವು. ನೆಲದ ಒಡೆಯರ ಕಲೆ ಅಲ್ಲಿ ಎದ್ದು ಕಂಡಿದ್ದು 2008ರಲ್ಲಿ, ಸೂಸನ್ ಪಾಯಿಂಟ್ ಕೆತ್ತಿದ ಮೂರು ಸೀಡರ್ ದ್ವಾರಗಳು ಬಂದ ಮೇಲೆ. ಜನ ಅವುಗಳ ಕೆಳಗೇ ಹಾದು ಕಂಬಗಳತ್ತ ಓಡುತ್ತಾರೆ. ನೀವು ದ್ವಾರದ ಹತ್ತಿರವೇ ಮೊದಲು ನಿಲ್ಲಿ.

ಈ ವಿದ್ಯೆ ಉಳಿದದ್ದು ತಾನಾಗಿಯೇ ಅಲ್ಲ. ಕಂಬ ನಿಲ್ಲಿಸುವುದು, ಮುಖವಾಡ ಧರಿಸಿ ಕುಣಿಯುವುದು, ಹೆಸರು-ಹಕ್ಕುಗಳನ್ನು ಎಲ್ಲರೆದುರು ಸಾರಿ ಉಡುಗೊರೆ ಹಂಚುವುದು, ಇದೆಲ್ಲ ನಡೆಯುತ್ತಿದ್ದ ಪಾಟ್‌ಲ್ಯಾಚ್ ಎಂಬ ಕೂಟವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ಕಾನೂನಿನಿಂದ ನಿಷೇಧಿಸಿತ್ತು. 1921ರಲ್ಲಿ ವಿಲೇಜ್ ಐಲೆಂಡ್ ಎಂಬ ದ್ವೀಪದಲ್ಲಿ ಕ್ವಾಕ್ವಾಕಾವಾಕ್ವ್ ನಾಯಕ ಡ್ಯಾನ್ ಕ್ರಾನ್ಮರ್ ನಡೆಸಿದ ಕೂಟಕ್ಕೆ ಹೋದವರ ಮೇಲೆ ಕೇಸು ಹಾಕಿ, ಮುಖವಾಡ, ತಾಮ್ರದ ಫಲಕಗಳನ್ನು ಕಿತ್ತುಕೊಂಡರು. ಜೈಲು ಶಿಕ್ಷೆಯಾದವರನ್ನು ಇಟ್ಟಿದ್ದು ಓಕಲಾ ಜೈಲಿನಲ್ಲಿ, ಅಂದರೆ ನಾವು ಬೇಸಿಗೆಯಲ್ಲಿ ವಾಕಿಂಗ್ ಹೋಗುವ ಬರ್ನಬಿಯ ಡೀರ್ ಲೇಕ್ ಪಕ್ಕದಲ್ಲೇ. ಕಸಿದುಕೊಂಡ ವಸ್ತುಗಳು ಮ್ಯೂಸಿಯಂಗಳಿಗೆ ಹೋದವು. ಅವುಗಳನ್ನು ಮರಳಿ ಪಡೆಯಲು ಕುಟುಂಬಗಳು ದಶಕಗಳ ಕಾಲ ಹೋರಾಡಬೇಕಾಯಿತು. ಹಾಗೆ ಬಂದವುಗಳನ್ನು ಇಡಲೆಂದೇ 1980ರಲ್ಲಿ ಅಲರ್ಟ್ ಬೇ ಎಂಬ ಊರಿನಲ್ಲಿ ಉಮಿಸ್ತಾ ಸಾಂಸ್ಕೃತಿಕ ಕೇಂದ್ರ ತೆರೆಯಿತು. ಈ ಕೆಲಸ ಇನ್ನೂ ಮುಗಿದಿಲ್ಲ: 1929ರಲ್ಲಿ ಒಯ್ದಿದ್ದ ನಿಸ್ಗಾ ಜನರ ಒಂದು ಸ್ಮಾರಕ ಕಂಬ ಸ್ಕಾಟ್ಲೆಂಡಿನಿಂದ ಊರಿಗೆ ಮರಳಿದ್ದು 2023ರಲ್ಲಿ.

ನೋಡಲು ಹೋಗುವುದಾದರೆ ಮೊದಲು ಯುಬಿಸಿಯ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ) ಮ್ಯೂಸಿಯಂ ಆಫ್ ಆಂಥ್ರೊಪಾಲಜಿ. ಹೈಡಾ ಕಲಾವಿದ ಬಿಲ್ ರೀಡ್ ಹಳದಿ ಸೀಡರಿನಲ್ಲಿ ಮಾಡಿದ, ಚಿಪ್ಪಿನೊಳಗಿಂದ ಮೊದಲ ಮನುಷ್ಯರು ಹೊರಬರುವ ದೊಡ್ಡ ಶಿಲ್ಪ ಅಲ್ಲಿದೆ. ಅದೇ ಕ್ಯಾಂಪಸ್ಸಿನಲ್ಲಿ ಹೈಡಾ ಕೆತ್ತನೆಗಾರ ಜೇಮ್ಸ್ ಹಾರ್ಟ್ ಮುಂದಾಳತ್ವದಲ್ಲಿ ಕೆತ್ತಿ 2017ರಲ್ಲಿ ನಿಲ್ಲಿಸಿದ ರೆಕನ್ಸಿಲಿಯೇಷನ್ ಪೋಲ್, ಅಂದರೆ ಸಾಮರಸ್ಯದ ಕಂಬ, ಇದೆ. ಅದರಲ್ಲಿ ಹೊಡೆದಿರುವ ಸಾವಿರಾರು ತಾಮ್ರದ ಮೊಳೆಗಳು, ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರ್ಪಡಿಸಿ ಇಡುತ್ತಿದ್ದ ವಸತಿ ಶಾಲೆಗಳಲ್ಲಿ ತೀರಿಹೋದ ಮಕ್ಕಳಿಗಾಗಿ. ಮಕ್ಕಳ ಜೊತೆ ಹೋದರೆ ಇದನ್ನು ಮುಚ್ಚಿಡಬೇಡಿ, ವಯಸ್ಸಿಗೆ ತಕ್ಕಂತೆ ಹೇಳಿ.

ಕೊಳ್ಳುವಾಗ ಕಲಾವಿದರ ಹೆಸರು, ಜನಾಂಗ ಎರಡನ್ನೂ ಕೇಳಿ. ಪ್ರಾಮಾಣಿಕ ಅಂಗಡಿಯವರು ಕೇಳುವ ಮೊದಲೇ ಹೇಳುತ್ತಾರೆ. ಹೆಸರಿಲ್ಲದ ಅಗ್ಗದ ರೆಸಿನ್ ಕಂಬ ಬೇಡ. ಊರಿಗೆ ಅಪ್ಪ-ಅಮ್ಮನಿಗೆ ಒಯ್ಯಲು ಹತ್ತು ಕೀಚೈನಿಗಿಂತ ಗೊತ್ತಿರುವ ಕೈಯಿಂದ ಬಂದ ಒಂದು ಸಣ್ಣ ಬುಟ್ಟಿ ಮೇಲು. ಮನೆಯಲ್ಲಿ ಅದನ್ನು ಹೀಟರ್ ಹತ್ತಿರ, ನೇರ ಬಿಸಿಲಿನಲ್ಲಿ ಇಡಬೇಡಿ, ನಾರು ಒಣಗಿ ಸಿಡಿಯುತ್ತದೆ.

ಕಲಿಯುವ ಆಸೆಯಿದ್ದರೆ ಮೂಲನಿವಾಸಿ ಶಿಕ್ಷಕರೇ ಹೇಳಿಕೊಡುವ ತರಗತಿಗೆ ಸೇರಿ. ಪಾರ್ಕಿನಲ್ಲಿ ಮರದ ತೊಗಟೆಗೆ ಮಾತ್ರ ಕೈ ಹಾಕಬೇಡಿ, ಅದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ತರಗತಿಯಲ್ಲಿ ನೆನೆಸಿದ ಪಟ್ಟಿಗಳನ್ನು ಅವರೇ ಕೊಡುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಕೈಬಳೆ, ಸಣ್ಣ ಚಾಪೆ, ಪುಟ್ಟ ಬುಟ್ಟಿ. ಬಟ್ಟೆ ಕ್ಲಿಪ್ಪಿನಿಂದ ಮೂಲೆ ಹಿಡಿದುಕೊಂಡು, ಒಣಗಿದಾಗ ನೀರು ಚಿಮುಕಿಸುತ್ತಾ ಹೆಣೆಯಬೇಕು. ಸಿಟ್ಟು ಇಟ್ಟುಕೊಂಡು ಹೆಣೆಯಬೇಡಿ ಅಂತ ಅನೇಕ ಶಿಕ್ಷಕರು ಮೊದಲೇ ಹೇಳುತ್ತಾರೆ. ಮೊದಲು ಮಾಡಿದ್ದನ್ನು ಯಾರಿಗಾದರೂ ಕೊಟ್ಟುಬಿಡಿ ಅನ್ನುವವರೂ ಇದ್ದಾರೆ. ರೆಕಾರ್ಡ್ ಮಾಡುವ ಮೊದಲು ಅನುಮತಿ ಕೇಳಿ, ಕೇಳಿದ ಕಥೆಯನ್ನು ರೀಲ್ಸ್‌ಗೆ ಹಾಕಬೇಡಿ.

ನಿಮ್ಮ ಮಕ್ಕಳಿಗೆ ಇದು ಹೇಗೂ ಬರುತ್ತದೆ: 2023-24ರ ಶಾಲಾ ವರ್ಷದಿಂದ ಇಲ್ಲಿ ಹೈಸ್ಕೂಲು ಮುಗಿಸಲು ಮೂಲನಿವಾಸಿಗಳ ಕುರಿತ 4 ಕ್ರೆಡಿಟ್ ಓದು ಕಡ್ಡಾಯ. ಮಕ್ಕಳು ಮನೆಗೆ ಬಂದು ಕೇಳಿದಾಗ ಜೊತೆಗೆ ಮಾತಾಡಲು ನಿಮಗೂ ಏನಾದರೂ ಗೊತ್ತಿರಲಿ. ಜೂನ್ 21, ಮೂಲನಿವಾಸಿಗಳ ರಾಷ್ಟ್ರೀಯ ದಿನದ ಆಸುಪಾಸಿನಲ್ಲಿ ಲೈಬ್ರರಿ, ಕಮ್ಯುನಿಟಿ ಸೆಂಟರ್, ಮ್ಯೂಸಿಯಂಗಳಲ್ಲಿ ಇಂಥ ಕಾರ್ಯಕ್ರಮ ವಿಚಾರಿಸಿ. ಜಾಗ ಬೇಗ ತುಂಬುತ್ತದೆ, ಮೇ ತಿಂಗಳಲ್ಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.