ಬರ್ಲಿನ್ ಸುದ್ದಿ ಓದುವುದು ಹೇಗೆ?

2025ರ ಫೆಬ್ರುವರಿ 23ರ ರಾತ್ರಿ. ಜರ್ಮನಿಯಲ್ಲಿ ಮತ ಎಣಿಕೆ ಇನ್ನೂ ಮುಗಿದಿರಲಿಲ್ಲ. ಯುರೋಪ್ ಹಂತಹಂತವಾಗಿ ಅಮೆರಿಕದ ಹಂಗಿನಿಂದ ಹೊರಬರಬೇಕು ಎಂದುಬಿಟ್ಟರು ಸಂಪ್ರದಾಯವಾದಿ ಸಿಡಿಯು ಪಕ್ಷದ ನಾಯಕ, ಮುಂದೆ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆದ ಫ್ರೀಡ್ರಿಶ್ ಮೆರ್ಜ್. ಹೇಳಿದವರೇನು ಅಮೆರಿಕ ವಿರೋಧಿಯಲ್ಲ. ಜರ್ಮನಿ–ಅಮೆರಿಕ ಸ್ನೇಹಕ್ಕೆಂದೇ ಇರುವ 'ಅಟ್ಲಾಂಟಿಕ್ ಬ್ರ್ಯೂಕೆ' ಸಂಸ್ಥೆಯ ಅಧ್ಯಕ್ಷರಾಗಿ ಹತ್ತು ವರ್ಷ ಇದ್ದವರು. ಇಂಥ ಹೇಳಿಕೆ ಕಂಡಾಗ ಅದು ಬರೀ ಮಾತೋ, ಆಗುವ ಕೆಲಸವೋ ಎಂದು ತಿಳಿಯಲು ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಮೊದಲು ಸೀಟು ಎಣಿಸಿ. ಸಂಸತ್ತಿನ ಕೆಳಮನೆ ಬುಂಡೆಸ್ಟಾಗ್‌ನಲ್ಲಿ 630 ಸದಸ್ಯರು. ಬಹುಮತಕ್ಕೆ 316 ಬೇಕು. ಮೆರ್ಜ್ ಅವರ ಸಿಡಿಯು ಮತ್ತು ಅದರ ಸೋದರ ಪಕ್ಷ ಸಿಎಸ್‌ಯು ಕೂಟ ಗೆದ್ದದ್ದು 208, ಜೊತೆಗೂಡಿದ ಸಮಾಜವಾದಿ ಒಲವಿನ ಎಸ್‌ಪಿಡಿ 120. ಹೆಚ್ಚುವರಿ ಬರೀ 12. ಮೇ 6ರಂದು ಚಾನ್ಸಲರ್ ಆಯ್ಕೆಯ ಮೊದಲ ಸುತ್ತಿನಲ್ಲಿ ಮೆರ್ಜ್‌ಗೆ ಬಿದ್ದದ್ದು 310 ಮತ! ಅದು ಗುಪ್ತ ಮತದಾನ; ಸ್ವಂತ ಪಾಳಯದವರೇ ಕೈಕೊಟ್ಟಿದ್ದರು. ಅದೇ ದಿನ ಎರಡನೇ ಸುತ್ತಿನಲ್ಲಿ 325 ಬಂದು ಮಾನ ಉಳಿಯಿತು. ಎರಡನೇ ದೊಡ್ಡ ಪಕ್ಷ, 152 ಸ್ಥಾನ ಗೆದ್ದ ತೀವ್ರ ಬಲಪಂಥೀಯ ಎಎಫ್‌ಡಿ ಜೊತೆ ಬೇರೆ ಯಾವ ಪಕ್ಷವೂ ಕೈಜೋಡಿಸುವುದಿಲ್ಲ. ಹಾಗಾಗಿ ಈ 12ರ ಅಂಚಿನಲ್ಲೇ ಸರ್ಕಾರ ನಡೆಯಬೇಕು.

ಆಮೇಲೆ ಖಾತೆ ನೋಡಿ. ವಿದೇಶಾಂಗ ಖಾತೆ ಸಾಮಾನ್ಯವಾಗಿ ಮಿತ್ರಪಕ್ಷದ ಪಾಲು. ಈ ಸಲ ಅದು ಸಿಡಿಯುನ ಯೋಹಾನ್ ವಾಡೆಫುಲ್ ಕೈಗೆ ಬಂದಿದೆ. ಚಾನ್ಸಲರ್ ಮತ್ತು ವಿದೇಶಾಂಗ ಸಚಿವ ಇಬ್ಬರೂ ಸಿಡಿಯುನವರೇ ಆಗಿರುವುದು 1966ರ ನಂತರ ಇದೇ ಮೊದಲು. ಆದರೆ ರಕ್ಷಣೆ (ಬೋರಿಸ್ ಪಿಸ್ಟೋರಿಯಸ್) ಮತ್ತು ಹಣಕಾಸು (ಲಾರ್ಸ್ ಕ್ಲಿಂಗ್‌ಬೈಲ್) ಎಸ್‌ಪಿಡಿ ಬಳಿ ಇವೆ. ವಾಷಿಂಗ್ಟನ್‌ನಲ್ಲಿ ಮಾತು ಕೊಡುವವರು ಒಬ್ಬರು, ತಿಜೋರಿಯ ಕೀಲಿ ಇನ್ನೊಬ್ಬರ ಸೊಂಟದಲ್ಲಿ.

ಮೂರನೆಯದು ದುಡ್ಡು. ನನ್ನನ್ನು ಕೇಳಿದರೆ ಅರ್ಧ ಕಥೆ ಇಲ್ಲೇ ಇದೆ. ಸರ್ಕಾರ ಬೇಕಾಬಿಟ್ಟಿ ಸಾಲ ಮಾಡದಂತೆ 2009ರಲ್ಲಿ ಜರ್ಮನಿ ತನ್ನ ಸಂವಿಧಾನದಲ್ಲೇ 'ಸಾಲದ ಬ್ರೇಕ್' ಹಾಕಿಕೊಂಡಿತು. ಅಮೆರಿಕ ಮತ್ತು ಯುರೋಪಿನ ಸೇನಾ ಕೂಟ ನೇಟೋಗೆ ಹೆಚ್ಚು ಖರ್ಚು ಮಾಡಿ ಎಂದು ಅಮೆರಿಕದ ಅಧ್ಯಕ್ಷರು ಒಬ್ಬರಾದ ಮೇಲೊಬ್ಬರು ಗದರಿದರೂ ಬರ್ಲಿನ್ ಕೈ ಬಿಗಿಹಿಡಿಯಲು ಅದೂ ಒಂದು ಕಾರಣ. ಆ ಬ್ರೇಕ್ ಸಡಿಲಿಸಲು ಮೂರನೇ ಎರಡು ಬಹುಮತ ಬೇಕು. ಹೊಸ ಸಂಸತ್ತಿನಲ್ಲಿ ಎಎಫ್‌ಡಿ ಮತ್ತು ಎಡಪಕ್ಷ ಸೇರಿದರೆ 216. ತಿದ್ದುಪಡಿ ತಡೆಯಲು ಅಷ್ಟು ಸಾಕು. ಅದಕ್ಕೇ ಮೆರ್ಜ್, ಅವಧಿ ಮುಗಿಯುತ್ತಿದ್ದ ಹಳೆಯ ಸಂಸತ್ತನ್ನೇ ಮಾರ್ಚ್ 18ರಂದು ಕೂರಿಸಿ, ಹಸಿರು ಪಕ್ಷವನ್ನು ಒಲಿಸಿಕೊಂಡು ಕೆಲಸ ಮುಗಿಸಿದರು. ಜಿಡಿಪಿಯ ಶೇ 1ನ್ನು ಮೀರಿದ ರಕ್ಷಣಾ ವೆಚ್ಚಕ್ಕೆ ಇನ್ನು ಬ್ರೇಕ್ ಇಲ್ಲ. ಮೂಲಸೌಕರ್ಯಕ್ಕೆ 50,000 ಕೋಟಿ ಯೂರೋಗಳ ನಿಧಿ. ಚುನಾವಣೆಗೆ ಮುನ್ನ ಸಾಲದ ಶಿಸ್ತಿನ ಪಾಠ ಹೇಳಿದ್ದವರು ಇವರೇ! ಜೂನ್‌ನಲ್ಲಿ ಹೇಗ್ ಶೃಂಗಸಭೆಯಲ್ಲಿ ಸೇನೆಗೆ ಜಿಡಿಪಿಯ ಶೇ 3.5, ಪೂರಕ ವೆಚ್ಚಕ್ಕೆ ಶೇ 1.5 ಎಂಬ ನೇಟೋ ಗುರಿಗೆ ಜರ್ಮನಿ ತಲೆಯಾಡಿಸಲು ಸಾಧ್ಯವಾದದ್ದು ಈ ತಿದ್ದುಪಡಿಯಿಂದ.

ಸೈನ್ಯದ ಸುದ್ದಿಯಾದರೆ 1994ನ್ನು ನೆನಪಿಡಿ. ಹೊರದೇಶದ ಸಶಸ್ತ್ರ ಕಾರ್ಯಾಚರಣೆಗೆ ಬುಂಡೆಸ್ಟಾಗ್ ಒಪ್ಪಿಗೆ ಬೇಕೇಬೇಕು ಎಂದು ಸಾಂವಿಧಾನಿಕ ನ್ಯಾಯಾಲಯ ಹೇಳಿದ ವರ್ಷ ಅದು. ಚಾನ್ಸಲರ್ ಒಬ್ಬರೇ ಮಾತು ಕೊಟ್ಟರೆ ಪಡೆ ಹೊರಡುವುದಿಲ್ಲ. ಹಾಗೆಂದು ಹಂಗು ಒಂದೇ ಕಡೆಯದಲ್ಲ: ಅಮೆರಿಕದ ಯುರೋಪ್ ಮತ್ತು ಆಫ್ರಿಕಾ ಸೇನಾ ಕಮಾಂಡ್‌ಗಳೆರಡೂ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಅದರ ದೊಡ್ಡ ವಾಯುನೆಲೆ ರಾಮ್‌ಸ್ಟೈನ್‌ನಲ್ಲಿ.

ಇನ್ನು ಸುಂಕ. ಇಲ್ಲಿ ಬರ್ಲಿನ್ ಬಿಟ್ಟು ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕಡೆ ತಿರುಗಿ. ವ್ಯಾಪಾರ ಒಪ್ಪಂದ ಐರೋಪ್ಯ ಒಕ್ಕೂಟದ ಅಧಿಕಾರ. 2025ರ ಜುಲೈನಲ್ಲಿ ಸ್ಕಾಟ್ಲೆಂಡ್‌ನ ಟರ್ನ್‌ಬೆರಿಯಲ್ಲಿ ಟ್ರಂಪ್ ಜೊತೆ ಶೇ 15ರ ಸುಂಕಕ್ಕೆ ಒಪ್ಪಿ ಕೈಕುಲುಕಿದವರು ಒಕ್ಕೂಟದ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯನ್. ಅವರೂ ಜರ್ಮನಿಯವರೇ, ಒಂದು ಕಾಲದ ರಕ್ಷಣಾ ಸಚಿವೆ. ಆದರೆ ಆ ದಿನ ಅವರು ಕೂತಿದ್ದು 27 ದೇಶಗಳ ಪರವಾಗಿ.