ಬಾಟಲಿಗೆ ತುಂಬುವ ಮುನ್ನ ಎರಡು ಸಲ ಅಳೆಯಿರಿ

ಮನೆಯಲ್ಲೇ ಮಾಡಿದ ನನ್ನ ಮೊದಲ ಬಿಯರನ್ನು ಏಳನೇ ದಿನವೇ ಬಾಟಲಿಗೆ ತುಂಬಿಬಿಟ್ಟಿದ್ದೆ. ಏರ್‌ಲಾಕ್‌ನಲ್ಲಿ, ಅಂದರೆ ಹುದುಗುವ ಪಾತ್ರೆಯಿಂದ ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಪುಟ್ಟ ಕವಾಟದಲ್ಲಿ, ಗುಳ್ಳೆ ನಿಂತಿತ್ತು, ಹುದುಗುವುದು ಮುಗಿಯಿತು ಅಂದುಕೊಂಡೆ. ಹತ್ತು ದಿನ ಕಳೆದ ಮೇಲೆ, ರಾತ್ರಿ, ಕಪಾಟಿನೊಳಗೆ ಮೂರು ಬಾಟಲಿ ಸಿಡಿದವು. ಬೆಳಿಗ್ಗೆ ನೋಡಿದರೆ ಒಂದು ಗಾಜಿನ ಚೂರು ಬಾಗಿಲ ಮರಕ್ಕೆ ನೆಟ್ಟಿತ್ತು. ಕಪಾಟು ತೆರೆದಿದ್ದಾಗ ಹೀಗಾಗಿದ್ದರೆ ಏನು ಗತಿ?

ಅದಕ್ಕೇ ಹೇಳುತ್ತೇನೆ, ಗುಳ್ಳೆ ನೋಡಿ ತೀರ್ಮಾನ ಮಾಡಬೇಡಿ. ಹೈಡ್ರೋಮೀಟರ್ ಇಳಿಬಿಟ್ಟು ಅಂಕಿ ಬರೆದಿಡಿ. ಅದು ನೀರಿಗಿಂತ (1.000) ಬಿಯರ್ ಎಷ್ಟು ಸಾಂದ್ರ ಅಂತ ತೋರಿಸುತ್ತದೆ, ಸಕ್ಕರೆ ಕರಗಿದಷ್ಟೂ ಅಂಕಿ ಇಳಿಯುತ್ತದೆ. ಮೂರು ದಿನ ಬಿಟ್ಟು ಮತ್ತೆ ನೋಡಿ. ಮಾಮೂಲಿ ಏಲ್ (ಬಿಯರಿನ ಒಂದು ಬಗೆ) 1.010ರಿಂದ 1.014ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 1.016 ಇದ್ದದ್ದು 1.013 ಆಗಿದ್ದರೆ ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿದೆ, ಕಾಯಿರಿ. 1.020ರ ಮೇಲೆಯೇ ನಿಂತುಬಿಟ್ಟಿದ್ದರೂ ತುಂಬಬೇಡಿ. ಸ್ವಲ್ಪ ಬೆಚ್ಚಗಿನ ಜಾಗಕ್ಕೆ ಸರಿಸಿ, ಇನ್ನೊಂದು ವಾರ ಬಿಡಿ.

ಬಾಟಲಿಯೊಳಗೆ ಗ್ಯಾಸ್ ಹುಟ್ಟುವುದು ನಾವು ಕೊನೆಗೆ ಹಾಕುವ ಸಕ್ಕರೆಯಿಂದ. ಲೀಟರಿಗೆ 6 ಗ್ರಾಂ ಸಾಕು, ಅಂದರೆ 20 ಲೀಟರಿಗೆ 120 ಗ್ರಾಂ. ಚಮಚದ ಲೆಕ್ಕ ಬೇಡ, ತೂಕ ಮಾಡಿ. ಒಂದು ದೊಡ್ಡ ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಸ್ಯಾನಿಟೈಜ್ ಮಾಡಿದ ಖಾಲಿ ಬಕೆಟ್ಟಿಗೆ ಸುರಿಯಿರಿ. ಅದರ ಮೇಲೆ ಬಿಯರನ್ನು ಪೈಪಿನಲ್ಲಿ ಇಳಿಸಿ. ಪೈಪಿನ ತುದಿ ತಳದಲ್ಲಿ ಸುತ್ತಿಕೊಂಡು ಮಲಗಿರಲಿ, ಬಿಯರ್ ತಾನೇ ಸುತ್ತುತ್ತಾ ಏರುತ್ತದೆ. ಆಮೇಲೆ ಚಮಚದಿಂದ ಒಂದೆರಡು ಸುತ್ತು ಮೆಲ್ಲಗೆ ತಿರುಗಿಸಿ. ಬುಳುಬುಳು ಸದ್ದು ಕೇಳಿಸಿತೋ, ಗಾಳಿ ಸೇರುತ್ತಿದೆ ಅಂತ ಅರ್ಥ. ಗಾಳಿ ಸೇರಿದ ಬಿಯರ್‌ಗೆ ತಿಂಗಳೊಳಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ.

ಬಾಟಲಿ ಕಂದು ಬಣ್ಣದ್ದೇ ಇರಲಿ, ಬೆಳಕು ಬಿದ್ದರೆ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಕೆಡುತ್ತದೆ. ಒತ್ತಡ ತಡೆಯುವ ಬಿಯರ್ ಬಾಟಲಿಯೇ ಬೇಕು. ಒಂದೊಂದನ್ನೂ ಬೆಳಕಿಗೆ ಹಿಡಿದು ತಳ ನೋಡಿ. ಕಲೆ ಇದ್ದರೆ ಮತ್ತೆ ಉಜ್ಜಿ, ಬಿರುಕು ಕಂಡರೆ ಎಸೆಯಿರಿ. ಬಾಟಲಿ, ಮುಚ್ಚಳ, ಪೈಪು ಎಲ್ಲಕ್ಕೂ ಸ್ಯಾನಿಟೈಜರ್ ಆಗಬೇಕು. ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ತುಂಬಿ, ಕೂಡಲೇ ಮುಚ್ಚಳ ಒತ್ತಿ. ಒಂದು ಸೋಡಾ ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಡಿ. ಅದನ್ನು ಹಿಚುಕಿ ನೋಡಿದಾಗ ಕಲ್ಲಿನಂತೆ ಗಟ್ಟಿಯಾಗಿದ್ದರೆ ಉಳಿದವುಗಳಲ್ಲೂ ಗ್ಯಾಸ್ ಕೂಡಿದೆ ಅಂತ ತಿಳಿಯುತ್ತದೆ.

20ರಿಂದ 22 ಡಿಗ್ರಿಯಲ್ಲಿ, ಕತ್ತಲಲ್ಲಿ, ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯೊಳಗೆ ಎರಡು ವಾರ ನಿಲ್ಲಿಸಿ. ಮಲಗಿಸಬೇಡಿ, ಯೀಸ್ಟ್ ತಳಕ್ಕೆ ಕೂರಬೇಕು ಅಲ್ವಾ? ಕಲಿಯುವ ಆಸೆ ಇದ್ದರೆ ಒಂದು ವಾರಕ್ಕೆ ಒಂದು ಬಾಟಲಿ, ಮೂರನೇ ವಾರಕ್ಕೆ ಇನ್ನೊಂದು ತೆರೆದು ನೋಡಿ. ಮೊದಲನೆಯದರ ನೊರೆ ದೊಡ್ಡ ಗುಳ್ಳೆಯಾಗಿ ಎದ್ದು ಕರಗಿಹೋಗುತ್ತದೆ. ಎರಡನೆಯದರಲ್ಲಿ ಸಣ್ಣ, ದಟ್ಟ ನೊರೆ ಲೋಟಕ್ಕೆ ಅಂಟಿಕೊಂಡು ನಿಲ್ಲುತ್ತದೆ.

ಹಾಪ್ಸ್ ಪರಿಮಳದ ಬಿಯರನ್ನು ಜಾಸ್ತಿ ದಿನ ಇಡಬೇಡಿ, ಒಂದೆರಡು ತಿಂಗಳಲ್ಲಿ ಆ ಪರಿಮಳ ಮಂಕಾಗುತ್ತದೆ. ಗೋಧಿ ಬಿಯರೂ ತಾಜಾ ಇದ್ದಾಗಲೇ ಚೆನ್ನ. ಕಡು ಬಣ್ಣದ, ಸ್ಟ್ರಾಂಗ್ ಬಿಯರ್ ಮಾತ್ರ ಆರು ತಿಂಗಳು, ವರ್ಷ ಕಳೆದಂತೆ ಮೆದುವಾಗುತ್ತದೆ. ಮುಚ್ಚಳದ ಮೇಲೆ ತಾರೀಕು ಬರೆದಿಡಿ.

ಕುಡಿಯುವ ಎರಡು ದಿನ ಮೊದಲು ಫ್ರಿಜ್ಜಿಗೆ ಇಡಿ. ಲೋಟ ಓರೆ ಹಿಡಿದು, ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಸುರಿಯಿರಿ. ತಳದ ಒಂದು ಬೆರಳಷ್ಟು ಬಾಟಲಿಯಲ್ಲೇ ಉಳಿಯಲಿ.